ಸ್ಟಾಂಪ್ ಪೇಪರಿಗೆ ಆರು ತಿಂಗಳ ಆಯಸ್ಸಾ?

ಪ್ರಶ್ನೆ: ಸರ್, ನಾವು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯವರು. 2023ರಲ್ಲಿ ಊರಿನ ಪಕ್ಕದಲ್ಲೇ ಒಂದು ಸೈಟು ಮಾತಾಡಿಕೊಂಡೆವು. ಬೆಲೆ 9 ಲಕ್ಷ. 7 ಲಕ್ಷ ಬ್ಯಾಂಕ್ ಮೂಲಕ ಕೊಟ್ಟಿದ್ದೇವೆ. ಇ-ಸ್ವತ್ತು (ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ) ಆಗಿರಲಿಲ್ಲ, ಅದಕ್ಕೆ ರಿಜಿಸ್ಟರ್ ಆಗಲಿಲ್ಲ. 200 ರೂಪಾಯಿ ಇ-ಸ್ಟಾಂಪ್ ಮೇಲೆ ಕರಾರು ಬರೆಸಿ ನೋಟರಿ ಮಾಡಿಸಿದೆವು. 18 ತಿಂಗಳೊಳಗೆ ಕ್ರಯ ಮಾಡಿಕೊಡುತ್ತೇನೆ, ಸ್ವಾಧೀನ ಈ ದಿನವೇ ಬಿಟ್ಟುಕೊಟ್ಟಿದ್ದೇನೆ ಅಂತ ಅದರಲ್ಲಿದೆ. ನಾವು ತಂತಿ ಬೇಲಿ ಹಾಕಿಸಿದ್ದೇವೆ. ಕರಾರಿನಲ್ಲಿ ಜೂನ್ 8 ಅಂತಿದೆ, ಸ್ಟಾಂಪ್ ಪೇಪರ್ ತಗೊಂಡಿದ್ದು ಜೂನ್ 12. ಪೇಪರ್ ತಂದಿದ್ದು ಬ್ರೋಕರ್, ಖರೀದಿಸಿದವರ ಜಾಗದಲ್ಲಿ ಅವರ ಹೆಸರೇ ಇದೆ. ಮೂಲ ಪತ್ರವೂ ಅವರ ಹತ್ತಿರ ಇದೆ, ನಮ್ಮ ಕೈಯಲ್ಲಿರುವುದು ಜೆರಾಕ್ಸ್. ಈಗ ಇ-ಸ್ವತ್ತು ಆಗಿದೆ, ಆದರೆ ಮಾರುವವರು ಇನ್ನೂ 3 ಲಕ್ಷ ಕೇಳುತ್ತಿದ್ದಾರೆ. ಸ್ಟಾಂಪ್ ಪೇಪರಿಗೆ ಆರೇ ತಿಂಗಳು ವ್ಯಾಲಿಡಿಟಿ, ನಿಮ್ಮ ಕರಾರು ರದ್ದಿ ಕಾಗದ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಬ್ರೋಕರ್ ತನ್ನ ಹತ್ತಿರ 2023ರ ಖಾಲಿ ಸ್ಟಾಂಪ್ ಪೇಪರ್ ಇದೆ, ಹಳೇ ತಾರೀಖು ಹಾಕಿ ಹೊಸ ಕರಾರು ಮಾಡೋಣ ಅಂತಾರೆ. ಮಾಡಬಹುದಾ? ಇನ್ನೊಂದು ಸಣ್ಣ ಪ್ರಶ್ನೆ: ತಮ್ಮ ಒಬ್ಬರಿಗೆ 2 ಲಕ್ಷ ಸಾಲ ಕೊಡುತ್ತಿದ್ದಾನೆ, 100 ರೂಪಾಯಿ ಬಾಂಡ್ ಪೇಪರ್ ಮೇಲೆ ಪ್ರೋನೋಟ್ ಬರೆಸಿದರೆ ಗಟ್ಟಿ ಅಲ್ವಾ?

ಉತ್ತರ: ಮೊದಲು ಬ್ರೋಕರ್ ಮಾತಿಗೆ ಉತ್ತರ. ಮಾಡಬೇಡಿ. ಹಳೇ ತಾರೀಖಿನ ಕರಾರಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನು ಪಕ್ಕದ ಮನೆಯವರ ಮಾತು. ಆರು ತಿಂಗಳ ಲೆಕ್ಕ ಅವರೊಬ್ಬರದ್ದಲ್ಲ, ಊರೂರಲ್ಲೂ ಇದೆ, ಓದಿದವರೂ ಹೇಳುತ್ತಾರೆ. ಇದು ಬಂದಿದ್ದು ಭಾರತೀಯ ಮುದ್ರಾಂಕ ಕಾಯ್ದೆ 1899ರ ಸೆಕ್ಷನ್ 54ರಿಂದ. ತಗೊಂಡ ಸ್ಟಾಂಪ್ ಪೇಪರ್ ಬಳಸದೆ ಉಳಿದರೆ ಆರು ತಿಂಗಳೊಳಗೆ ವಾಪಸ್ ಕೊಟ್ಟು, ರೂಪಾಯಿಗೆ 10 ಪೈಸೆ ಮುರಿದುಕೊಂಡು ಉಳಿದ ಹಣ ಪಡೆಯಬಹುದು ಅಂತ ಅದು ಹೇಳುತ್ತದೆ. ಅಷ್ಟೇ. ದುಡ್ಡು ವಾಪಸ್ ಕೇಳುವುದಕ್ಕೆ ಇಟ್ಟ ಗಡುವನ್ನು ಜನ ಕಾಗದದ ಆಯಸ್ಸು ಅಂದುಕೊಂಡರು. ತಿರುವೇಂಗಡ ಪಿಳ್ಳೈ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆರು ತಿಂಗಳಿಗಿಂತ ಹಳೆಯ ಸ್ಟಾಂಪ್ ಪೇಪರ್ ಮೇಲೆ ಬರೆದ ಮಾತ್ರಕ್ಕೆ ಕರಾರು ಅಸಿಂಧು ಆಗುವುದಿಲ್ಲ. ಆದರೆ ಪತ್ರ ಅಸಲಿಯೋ ಸೃಷ್ಟಿಯೋ ಅನ್ನುವ ಅನುಮಾನ ಬಂದಾಗ ಕಾಗದದ ವಯಸ್ಸನ್ನೂ ಒಂದು ಸುಳಿವಾಗಿ ನೋಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಈ ಎರಡನೇ ಭಾಗವನ್ನು ಜನ ಮರೆಯುತ್ತಾರೆ.

ನಿಮ್ಮ ವಿಷಯದಲ್ಲಿ ಈ ಚರ್ಚೆಯೇ ಬೇಡ. ನೀವು ಬರೆಸಿದ್ದು ಆಗ ತಾನೇ ತಂದ ಪೇಪರ್ ಮೇಲೆ. ಬರೆಸಿ ಸಹಿ ಆದ ಮೇಲೆ ಆರು ತಿಂಗಳಲ್ಲ, ಆರು ವರ್ಷ ಕಳೆದರೂ ಸ್ಟಾಂಪ್ ಹಳಸುವುದಿಲ್ಲ. ಹಳಸುವುದು ಬೇರೊಂದು, ಕೋರ್ಟಿಗೆ ಹೋಗುವ ಕಾಲಮಿತಿ. ಕರಾರಿನಂತೆ ಕ್ರಯ ಮಾಡಿಕೊಡಿ ಅಂತ ದಾವೆ ಹಾಕಲು ಕರಾರಿನಲ್ಲಿ ಹೇಳಿದ ದಿನದಿಂದ 3 ವರ್ಷ ಇರುತ್ತದೆ. ದಿನ ಹೇಳಿರದಿದ್ದರೆ, ಅವರು ಒಲ್ಲೆ ಅಂದಿದ್ದು ನಿಮಗೆ ಗೊತ್ತಾದ ದಿನದಿಂದ. ನಿಮ್ಮ 18 ತಿಂಗಳು ಮುಗಿದಿದ್ದು 2024ರ ಡಿಸೆಂಬರ್‌ನಲ್ಲಿ, ಅಂದರೆ 2027ರ ಡಿಸೆಂಬರ್ ಮೊದಲ ವಾರ ನಿಮ್ಮ ಗಡಿ. ಅದನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ. ಇವತ್ತು ನಾಳೆ ಅಂತ ಓಡಾಡಿಸಿ ಈ ಗಡಿ ದಾಟಿಸಿಬಿಡುವುದು ಮಾರುವವರು ಮಾಡುವ ತೀರಾ ಮಾಮೂಲಿ ಕೆಲಸ.

ಈಗ ಅಸಲು ವಿಷಯಕ್ಕೆ ಬರೋಣ. ನೀವು ಕೇಳದೇ ಇದ್ದ ಒಂದು ತೊಂದರೆ ನಿಮ್ಮ ಕರಾರಿನಲ್ಲಿ ಕೂತಿದೆ, ಅದು ಆ 200 ರೂಪಾಯಿ.

ಸ್ಟಾಂಪ್ ಪೇಪರ್ ಅಂದರೆ ಕರಾರಿಗೆ ಬಲ ಕೊಡುವ ವಿಶೇಷ ಕಾಗದ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಸರ್ಕಾರಕ್ಕೆ ತೆರಿಗೆ ಕಟ್ಟಿದ್ದಕ್ಕೆ ರಸೀದಿ. ಒಂದೊಂದು ಬಗೆಯ ಪತ್ರಕ್ಕೆ ಇಷ್ಟಿಷ್ಟು ಶುಲ್ಕ ಅಂತ ಕರ್ನಾಟಕ ಸ್ಟಾಂಪ್ ಕಾಯ್ದೆ 1957ರ ಅನುಸೂಚಿಯಲ್ಲಿ ಪಟ್ಟಿ ಇದೆ. ಹಾಗಾಗಿ ಎಷ್ಟು ರೂಪಾಯಿ ಪೇಪರ್ ತರಲಿ ಅಂತ ಕೇಳುವ ಮೊದಲು, ಈ ಪತ್ರ ಯಾವ ಆರ್ಟಿಕಲ್‌ಗೆ ಬೀಳುತ್ತದೆ ಅಂತ ಕೇಳಬೇಕು. ನಮ್ಮಲ್ಲಿ ಇದು ಉಲ್ಟಾ. ಅಂಗಡಿಗೆ ಹೋಗಿ 'ಅಗ್ರಿಮೆಂಟಿಗೆ ಒಂದು ಪೇಪರ್ ಕೊಡಿ' ಅಂದರೆ ಒಂದು ಪೇಪರ್ ಬರುತ್ತದೆ, ಅದರ ಮೇಲೆ ಏನು ಟೈಪ್ ಮಾಡುತ್ತೀರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ನಿಮ್ಮ ಜೆರಾಕ್ಸ್ ತೆಗೆದು ಮೊದಲ ಹಾಳೆ ನೋಡಿ. ಮೇಲೆ ಸರ್ಟಿಫಿಕೇಟ್ ನಂಬರ್, ಅದರ ಕೆಳಗೆ ಕೊಟ್ಟ ದಿನಾಂಕ ಮತ್ತು ಗಂಟೆ ನಿಮಿಷ, ನಂತರ ಖರೀದಿಸಿದವರ ಹೆಸರು, ಡಿಸ್ಕ್ರಿಪ್ಷನ್ ಆಫ್ ಡಾಕ್ಯುಮೆಂಟ್, ಪ್ರತಿಫಲದ (ಅಂದರೆ ಬೆಲೆಯ) ಮೊತ್ತ, ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ, ಶುಲ್ಕ ಯಾರು ಕಟ್ಟಿದರು, ಎಷ್ಟು ಅಂತ ಸಾಲಾಗಿ ಇರುತ್ತದೆ. ನಿಮ್ಮದು 200 ರೂಪಾಯಿಯದು ಅಂದ ಮೇಲೆ ಡಿಸ್ಕ್ರಿಪ್ಷನ್ ಸಾಲಿನಲ್ಲಿ ಆರ್ಟಿಕಲ್ 5(ಜೆ) ಅಂತ ಇರುವ ಸಾಧ್ಯತೆ ಜಾಸ್ತಿ, ಅಂದರೆ ಬೇರೆ ಯಾವ ವರ್ಗಕ್ಕೂ ಸೇರದ ಕರಾರು. ಪ್ರತಿಫಲದ ಎದುರು ಸೊನ್ನೆ ಇದ್ದರೂ ಆಶ್ಚರ್ಯವಿಲ್ಲ. ಸೈಟಿನ ಮಾರಾಟದ ಕರಾರು 5(ಜೆ) ಅಲ್ಲ, ಅದಕ್ಕೆ 5(ಇ) ಇದೆ. ಅದರಲ್ಲಿ ಎರಡು ಕವಲು. ಸ್ವಾಧೀನ ಕೊಡದ ಕರಾರಿಗೆ ಶುಲ್ಕ ತುಂಬಾ ಕಡಿಮೆ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಶುಲ್ಕ.

'ಸ್ವಾಧೀನ ಈ ದಿನವೇ ಬಿಟ್ಟುಕೊಟ್ಟಿದ್ದೇನೆ.' ನಿಮ್ಮ ಕರಾರಿನ ಈ ಒಂದು ಸಾಲು ನಿಮಗೆ ಧೈರ್ಯ ಕೊಟ್ಟಿರಬಹುದು, ಆದರೆ ಶುಲ್ಕದ ಲೆಕ್ಕದಲ್ಲಿ ನಿಮ್ಮನ್ನು ಕ್ರಯಪತ್ರದ ಸಾಲಿಗೆ ಕೂರಿಸಿದ್ದು ಅದೇ. ಸೆಸ್, ಸರ್ಚಾರ್ಜ್ ಬಿಟ್ಟು ಲೆಕ್ಕ ಹಾಕಿದರೂ 9 ಲಕ್ಷಕ್ಕೆ 5 ಪರ್ಸೆಂಟ್ ಅಂದರೆ 45,000 ರೂಪಾಯಿ. ನೀವು ಕಟ್ಟಿದ್ದು 200. ಕೊರತೆ 44,800. ಆ ಜಾಗದ ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತು ಮಾಡಿದ ಬೆಲೆ) 9 ಲಕ್ಷಕ್ಕಿಂತ ಜಾಸ್ತಿ ಇದ್ದಿದ್ದರೆ ಕೊರತೆ ಇನ್ನೂ ಏರುತ್ತದೆ.

ಹಾಗಾದರೆ ಕರಾರು ರದ್ದಿಯಾ? ಅಲ್ಲ. ಶುಲ್ಕ ಕಡಿಮೆ ಬಿದ್ದ ಪತ್ರ ಅಸಿಂಧುವಲ್ಲ, ಶುಲ್ಕ ತುಂಬುವ ತನಕ ಅದನ್ನು ಸಾಕ್ಷ್ಯವಾಗಿ ತಗೊಳ್ಳಲು ಬರುವುದಿಲ್ಲ ಅಷ್ಟೇ. ಇದು ಸರಿಪಡಿಸಬಹುದಾದ ದೋಷ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅದು ಮಧ್ಯಸ್ಥಿಕೆ ಕರಾರುಗಳ ವಿಷಯದಲ್ಲಿ ಬಂದ ತೀರ್ಪು, ಆದರೆ ತತ್ವ ಇದೇ. ಆದ್ದರಿಂದ ಪಕ್ಕದ ಮನೆಯವರ ಮಾತು ಕೇಳಿ ಎದೆ ಒಡೆದುಕೊಳ್ಳಬೇಡಿ.

ಆದರೆ ಸರಿಪಡಿಸುವ ಖರ್ಚು ಸಣ್ಣದಲ್ಲ, ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ಇಂಥ ಪತ್ರವನ್ನು ಕೋರ್ಟಿನಲ್ಲಿ ಹಾಜರು ಮಾಡಿದರೆ ಕೋರ್ಟು ಅದನ್ನು ಜಫ್ತಿ ಮಾಡಬೇಕು, ಕೊರತೆ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿಸಬೇಕು. ನಿಮ್ಮ ಲೆಕ್ಕದಲ್ಲಿ ದಂಡವೇ 4,48,000 ರೂಪಾಯಿ. ಕರ್ನಾಟಕದಿಂದಲೇ ಹೋದ ಗಂಗಪ್ಪ ಮತ್ತು ಫಕ್ಕೀರಪ್ಪ ಪ್ರಕರಣದಲ್ಲಿ ಕೆಳಗಿನ ಕೋರ್ಟು ಎರಡು ಪಟ್ಟು ದಂಡ ಹಾಕಿ ಬಿಟ್ಟಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕರ್ನಾಟಕ ಸ್ಟಾಂಪ್ ಕಾಯ್ದೆಯ ಸೆಕ್ಷನ್ 34ರಲ್ಲಿ ಕೋರ್ಟಿಗೆ ದಂಡ ಇಳಿಸುವ ಅಧಿಕಾರ ಇಲ್ಲ, ಹತ್ತು ಪಟ್ಟು ಹಾಕಲೇಬೇಕು, ಇಳಿಸುವ ವಿವೇಚನೆ ಇರುವುದು ಸೆಕ್ಷನ್ 39ರಲ್ಲಿ ಜಿಲ್ಲಾಧಿಕಾರಿಗೆ ಅಂತ ಹೇಳಿತು. ಆ ಅಧಿಕಾರವನ್ನು ಈಗ ಜಿಲ್ಲಾ ನೋಂದಣಾಧಿಕಾರಿ ಚಲಾಯಿಸುತ್ತಾರೆ. ಇದನ್ನು ನೆನಪಿಡಿ, ನಿಮ್ಮ ದಾರಿ ಇಲ್ಲೇ ಇದೆ.

ತಾರೀಖಿನ ವಿಷಯ. ಪತ್ರಕ್ಕೆ ಸಹಿ ಮಾಡುವ ಮೊದಲು ಅಥವಾ ಸಹಿ ಮಾಡುವಾಗ ಶುಲ್ಕ ಕಟ್ಟಿರಬೇಕು ಅಂತ ಕಾಯ್ದೆ ಹೇಳುತ್ತದೆ. ಜೂನ್ 8ರ ಕರಾರು ಜೂನ್ 12ರ ಪೇಪರ್ ಮೇಲೆ ಹೇಗೆ ಬಂತು? ನಡೆದಿದ್ದು ಏನು ಅಂತ ಊಹಿಸುವುದು ಕಷ್ಟವಲ್ಲ. 8ನೇ ತಾರೀಖು ಮಾತುಕತೆ ಆಗಿ ಕರಡು ಟೈಪ್ ಆಯಿತು, 12ಕ್ಕೆ ಪೇಪರ್ ಬಂತು, ತಾರೀಖು ತಿದ್ದುವುದು ಮರೆತರು. ಆದರೆ ಎದುರು ವಕೀಲರು ಇದನ್ನು ಮರೆವು ಅಂತ ಬಿಡುವುದಿಲ್ಲ, ಸೃಷ್ಟಿಸಿದ ಪತ್ರ ಅನ್ನುತ್ತಾರೆ. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ. ನೋಟರಿಯವರ ರಿಜಿಸ್ಟರ್‌ನಲ್ಲಿ ಯಾವ ದಿನ ಎಂಟ್ರಿ ಆಗಿದೆ ನೋಡಿ, 12ರಂದೋ ಆಮೇಲೋ ಆಗಿದ್ದರೆ ಒಳ್ಳೆಯದು. ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ಸಾಕ್ಷಿ ಹಾಕಿದವರಿದ್ದಾರೆ. ನಿಜ ಏನಿತ್ತೋ ಅದನ್ನೇ ಹೇಳಿ. ಮೂಲ ಪತ್ರದ ಮೇಲೆ ವೈಟ್ನರ್ ಹಚ್ಚಿ 8ನ್ನು 12 ಮಾಡುವ ಯೋಚನೆ ಮಾತ್ರ ಬೇಡ.

ಬ್ರೋಕರ್ ಹೆಸರು ಖರೀದಿಸಿದವರ ಜಾಗದಲ್ಲಿ ಇರುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೌಂಟರಿಗೆ ಯಾರೋ ಒಬ್ಬರು ಹೋಗಿರುತ್ತಾರೆ. ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ ಜಾಗದಲ್ಲಿ ನೀವಿಬ್ಬರೂ ಇದ್ದರೆ ಅದು ದೊಡ್ಡ ತೊಂದರೆ ಅಲ್ಲ. ಅಲ್ಲೂ ಸಂಬಂಧವಿಲ್ಲದ ಹೆಸರಿದ್ದರೆ ಅದು ಬೇರೆ ಮಾತು, ಆಗ ಮೂಲ ಪತ್ರ ಹಿಡಿದು ವಕೀಲರ ಹತ್ತಿರ ಕೂತು ನೋಡಬೇಕು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ ಮಾತು ಶುಲ್ಕದ್ದಲ್ಲ, ಜೆರಾಕ್ಸ್‌ದು. ಮೂಲ ಪತ್ರ ಬ್ರೋಕರ್ ಹತ್ತಿರ ಇದೆ ಅಂದಿದ್ದೀರಿ. ಶುಲ್ಕ ಕಡಿಮೆ ಇರುವ ಪತ್ರಕ್ಕೆ ದಂಡ ಕಟ್ಟಿ ಸರಿಪಡಿಸುವ ಅವಕಾಶ ಇರುವುದು ಮೂಲ ಪತ್ರಕ್ಕೆ ಮಾತ್ರ. ಜೆರಾಕ್ಸ್ ಮೇಲೆ ಎಷ್ಟು ದಂಡ ಕಟ್ಟುತ್ತೇನೆ ಅಂದರೂ ಆಗುವುದಿಲ್ಲ, ಸುಪ್ರೀಂ ಕೋರ್ಟ್ 1971ರಲ್ಲೂ 2007ರಲ್ಲೂ ಇದನ್ನೇ ಹೇಳಿದೆ. ಆ ಮೂಲ ಪತ್ರ ಕಳೆದುಹೋದರೆ ಅಥವಾ 'ಕಳೆದುಹೋದರೆ', ನಿಮ್ಮ ಕೈಯಲ್ಲಿ ಉಳಿಯುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ. ಆದ್ದರಿಂದ ಇವತ್ತೇ ಹೋಗಿ ತಗೊಂಡು ಬನ್ನಿ. ಜಗಳ ಬೇಡ, ಬ್ಯಾಂಕಿಗೆ ತೋರಿಸಬೇಕು ಅಂತಲೋ ವಕೀಲರು ಕೇಳಿದ್ದಾರೆ ಅಂತಲೋ ಹೇಳಿ ತಗೊಳ್ಳಿ. ಮಾರುವವರ ಜೊತೆ ಬೆಲೆಯ ಮಾತು ಅದರ ನಂತರ. ಬ್ರೋಕರ್ ಪತ್ರ ಕೊಡಲು ಒಲ್ಲೆ ಅಂದರೆ ಅವರಿಗೂ ಒಂದು ಲಿಖಿತ ನೋಟಿಸ್ ಕಳಿಸಬೇಕಾಗುತ್ತದೆ.

ಈಗ ಹಳೇ ತಾರೀಖಿನ ಹೊಸ ಕರಾರು ಯಾಕೆ ಬೇಡ ಅಂತ ಹೇಳುತ್ತೇನೆ. ಇವತ್ತು ಸಹಿ ಮಾಡಿ 2023ರಲ್ಲಿ ಮಾಡಿದ್ದು ಅಂತ ತೋರಿಸುವುದು ಸುಳ್ಳು ದಾಖಲೆ ಸೃಷ್ಟಿಸಿದಂತೆ, ಅದು ಕ್ರಿಮಿನಲ್ ಅಪರಾಧ. ಇಬ್ಬರೂ ಒಪ್ಪಿ ಮಾಡಿದರೂ ಅಪರಾಧ ಅಪರಾಧವೇ. ಹೋಗಲಿ, ಸಿಕ್ಕಿಬೀಳುವುದಿಲ್ಲ ಅಂದುಕೊಂಡರೂ ತಪ್ಪು. ಇ-ಸ್ಟಾಂಪ್ ಹಳೇ ಛಾಪಾ ಕಾಗದದ ಹಾಗಲ್ಲ. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದ ಮೇಲೆ ಕರ್ನಾಟಕದಲ್ಲಿ ಮುದ್ರಿತ ಛಾಪಾ ಕಾಗದ ನಿಂತು ಇ-ಸ್ಟಾಂಪ್ ಬಂದಿದ್ದೇ ಇಂಥದ್ದನ್ನು ತಡೆಯಲು. ಯಾವ ಕೇಂದ್ರದಲ್ಲಿ, ಯಾವ ನಿಮಿಷದಲ್ಲಿ, ಯಾರ ಹೆಸರಿಗೆ, ಯಾವ ಬಗೆಯ ಪತ್ರಕ್ಕೆ ಕೊಟ್ಟಿದ್ದು ಅಂತ ಇ-ಸ್ಟಾಂಪ್ ದಾಖಲೆ ಇಡುವ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಸರ್ಟಿಫಿಕೇಟ್ ನಂಬರ್ ಹಾಕಿ ಯಾರು ಬೇಕಾದರೂ ಅವರ ವೆಬ್‌ಸೈಟಿನಲ್ಲಿ ನೋಡಬಹುದು. ಬೇರೆ ಯಾರದ್ದೋ ಕೆಲಸಕ್ಕೆ ತಗೊಂಡ ಪೇಪರ್ ಮೇಲೆ ನಿಮ್ಮ ಕರಾರು ಬಂದರೆ ಮೊದಲ ಹಾಳೆಯೇ ನಿಮ್ಮ ವಿರುದ್ಧ ಮಾತಾಡುತ್ತದೆ. ನೀವು 7 ಲಕ್ಷ ಬ್ಯಾಂಕಿನಲ್ಲಿ ಕೊಟ್ಟವರು, ಸ್ವಾಧೀನದಲ್ಲಿ ಇರುವವರು, ನಿಮ್ಮ ಕಡೆ ನಿಜವೇ ಇದೆ. ನಿಜದ ಪತ್ರದ ಜಾಗಕ್ಕೆ ಸುಳ್ಳಿನ ಪತ್ರ ತಂದು ಕೂರಿಸಿ ಗೆಲ್ಲುವ ಕೇಸನ್ನು ಕೈಯಾರೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ಈಗಲೂ ಬೇಜಾರಾಗುತ್ತದೆ.

ಆ ಹಳೇ ಕರಾರನ್ನೇ ಈಗ ರಿಜಿಸ್ಟರ್ ಮಾಡಿಸೋಣ ಅಂತಲೂ ಯಾರಾದರೂ ಹೇಳಬಹುದು. ಆಗುವುದಿಲ್ಲ. ಪತ್ರ ಬರೆದ 4 ತಿಂಗಳೊಳಗೆ ಹಾಜರು ಮಾಡಬೇಕು, ತಡವಾದರೆ ದಂಡ ಕಟ್ಟಿ ಇನ್ನು 4 ತಿಂಗಳು, ಅದು ಬಿಟ್ಟರೆ ಇಲ್ಲ. ನೋಟರಿ ಮಾಡಿಸಿದ್ದನ್ನೇ ರಿಜಿಸ್ಟ್ರೇಷನ್ ಅಂದುಕೊಳ್ಳುವವರೂ ಇದ್ದಾರೆ. ಎರಡಕ್ಕೂ ಸಂಬಂಧವಿಲ್ಲ. ನೋಟರಿ ಹೇಳುವುದು ಇಂಥವರು ನನ್ನ ಮುಂದೆ ಸಹಿ ಮಾಡಿದರು ಅಂತ ಮಾತ್ರ. ಸ್ಟಾಂಪ್ ಸಾಕಾ, ಜಾಗ ಯಾರದ್ದು ಅಂತ ಅವರು ನೋಡಿರುವುದಿಲ್ಲ. ರಿಜಿಸ್ಟರ್ ಆಗದ ಕರಾರು ಹಿಡಿದು, ನಾನು ಸ್ವಾಧೀನದಲ್ಲಿದ್ದೇನೆ ನನ್ನನ್ನು ಏಳಿಸಬೇಡಿ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ ರಕ್ಷಣೆ ಕೇಳುವ ದಾರಿ ಅದರ 2001ರ ತಿದ್ದುಪಡಿಯ ನಂತರ ಮುಚ್ಚಿದೆ. ಆದರೆ ಕ್ರಯ ಮಾಡಿಕೊಡಿ ಅನ್ನುವ ದಾವೆಯಲ್ಲಿ ರಿಜಿಸ್ಟರ್ ಆಗದ ಕರಾರನ್ನೂ ಸಾಕ್ಷ್ಯವಾಗಿ ಕೊಡಬಹುದು, ಶುಲ್ಕ ದಂಡ ತುಂಬಿದ್ದರೆ.

ಹಾಗಾದರೆ ಏನು ಮಾಡಬೇಕು? ನನ್ನನ್ನು ಕೇಳಿದರೆ ಮೊದಲ ಪ್ರಯತ್ನ ನೇರ ಕ್ರಯಪತ್ರ. ಇ-ಸ್ವತ್ತು ಆಗಿದೆ ಅಂದಿರಿ, ಅಂದರೆ ಅಂದು ಇದ್ದ ಅಡ್ಡಿ ಈಗ ಇಲ್ಲ. ಬಾಕಿ 2 ಲಕ್ಷ ಸಿದ್ಧ ಇಟ್ಟುಕೊಂಡು, ಇಂಥ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ ಅಂತ ವಕೀಲರಿಂದ ನೋಟಿಸ್ ಕೊಡಿಸಿ. ದುಡ್ಡು ಸಿದ್ಧ ಇತ್ತು, ನೀವು ತಯಾರಿದ್ದಿರಿ ಅಂತ ತೋರಿಸುವುದು ಮುಂದೆ ದಾವೆಗೂ ಬೇಕಾಗುತ್ತದೆ. ಕ್ರಯಪತ್ರ ಆದರೆ ಅದಕ್ಕೆ ಕ್ರಯ ಮಾಡುವ ದಿನದ ದರದಲ್ಲಿ ಪೂರ್ತಿ ಶುಲ್ಕ ಕಟ್ಟುತ್ತೀರಿ, ಹಳೇ ಕರಾರನ್ನು ಕೋರ್ಟಿಗೆ ಒಯ್ಯುವ ಪ್ರಸಂಗವೇ ಬರುವುದಿಲ್ಲ. 3 ಲಕ್ಷ ಜಾಸ್ತಿ ಕೊಡಿ ಅಂತ ನಾನು ಹೇಳುವುದಿಲ್ಲ, ಅವರು ಕೇಳುತ್ತಿರುವುದು ಅನ್ಯಾಯ. ಆದರೆ ಊರಿನ ಹಿರಿಯರು ಕೂತು ಸ್ವಲ್ಪ ಮೊತ್ತಕ್ಕೆ ಮುಗಿಯುವ ಹಾಗಿದ್ದರೆ, ಕೋರ್ಟಿನ ವರ್ಷಗಳನ್ನೂ ಹತ್ತು ಪಟ್ಟು ದಂಡವನ್ನೂ ಎದುರಿಗಿಟ್ಟು ಲೆಕ್ಕ ಹಾಕಿ ನೋಡಿ. ನಿರ್ಧಾರ ನಿಮ್ಮದು.

ಅವರು ಬರಲಿಲ್ಲ ಅಂದರೆ ದಾವೆ. ಆಗ ನಿಮ್ಮ ವಕೀಲರಿಗೆ ಒಂದು ಮಾತು ಮುಂಚೆಯೇ ಹೇಳಿ. ಕರಾರನ್ನು ಸಾಕ್ಷ್ಯವಾಗಿ ಗುರುತಿಸಲು ಕೊಡುವ ಮೊದಲು, ಕೊರತೆ ಶುಲ್ಕ ಮತ್ತು ದಂಡ ನಿಗದಿಗೆ ಅದನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿ ಅಂತ ಅರ್ಜಿ ಹಾಕಬಹುದು. 2024ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಈ ದಾರಿಯನ್ನು ಎತ್ತಿ ಹಿಡಿದಿದೆ. ಅಲ್ಲಿ ದಂಡ ಹತ್ತು ಪಟ್ಟಿಗಿಂತ ಕಡಿಮೆ ಆಗುವ ಅವಕಾಶ ಇದೆ. ಆಗಿಯೇ ಆಗುತ್ತದೆ ಅಂತ ಭರವಸೆ ಕೊಡಲಾರೆ, ಅದು ಅಧಿಕಾರಿಯ ವಿವೇಚನೆ. ಪತ್ರವನ್ನು ಸುಮ್ನೆ ಕೋರ್ಟಿನಲ್ಲಿ ಮುಂದಿಟ್ಟು, ಎದುರು ಕಡೆಯವರು ಆಕ್ಷೇಪ ಎತ್ತಿ, ಕೋರ್ಟು ಹತ್ತು ಪಟ್ಟು ಆದೇಶ ಮಾಡಿದ ಮೇಲೆ ಓಡಾಡುವುದು ಬಹಳ ಕಷ್ಟ. ಈ ಕ್ರಮ ತಪ್ಪಿ ಲಕ್ಷಗಟ್ಟಲೆ ಕಟ್ಟಿದವರಿದ್ದಾರೆ.

ಹೊಸದಾಗಿ ಕರಾರು ಮಾಡಿಸುತ್ತಿರುವ ಬೇರೆ ಓದುಗರಿಗೆ ಇಲ್ಲೇ ಒಂದು ಮಾತು. ತಪ್ಪಿಯೋ ಅವಸರದಲ್ಲೋ ಶುಲ್ಕ ಕಡಿಮೆ ಕಟ್ಟಿದ್ದು ಗೊತ್ತಾದರೆ, ಬರೆದ ಒಂದು ವರ್ಷದೊಳಗೆ ನೀವಾಗಿಯೇ ಅಧಿಕಾರಿಯ ಮುಂದೆ ಹಾಜರು ಮಾಡಿ. ನಿಜವಾಗಿ ತಪ್ಪಿನಿಂದ ಆಗಿದ್ದು ಅಂತ ಅವರಿಗೆ ಮನವರಿಕೆಯಾದರೆ ಕೊರತೆ ಮಾತ್ರ ಕಟ್ಟಿಸಿಕೊಂಡು ಬಿಡಬಹುದು. ದರಗಳು 2024ರಲ್ಲಿ ಬದಲಾಗಿವೆ, ಅಫಿಡವಿಟ್‌ಗೆ ಇದ್ದ 20 ರೂಪಾಯಿ ಈಗ 100. ಹಳೇ ಕರಾರು ನೋಡಿ ಅದೇ ಮೊತ್ತದ ಪೇಪರ್ ತರಬೇಡಿ.

ಕೊನೆಗೆ ತಮ್ಮನ ಪ್ರೋನೋಟ್. 100 ರೂಪಾಯಿ ಬಾಂಡ್ ಪೇಪರ್ ಬೇಡ. ಹೆಚ್ಚಿನ ಪತ್ರಗಳ ಶುಲ್ಕವನ್ನು ರಾಜ್ಯ ಗೊತ್ತು ಮಾಡುತ್ತದೆ, ಆದರೆ ಪ್ರೋನೋಟಿನ ಶುಲ್ಕ ಕೇಂದ್ರದ್ದು. ಕೇಳಿದ ಕೂಡಲೇ ಕೊಡಬೇಕಾದ ಪ್ರೋನೋಟಿಗೆ 1,000 ರೂಪಾಯಿ ಮೇಲ್ಪಟ್ಟ ಎಷ್ಟೇ ಸಾಲವಿರಲಿ ಶುಲ್ಕ 25 ಪೈಸೆ. ಬಿಳಿ ಹಾಳೆಯಲ್ಲಿ ಬರೆದು, ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಾಲ ತಗೊಳ್ಳುವವರ ಸಹಿ ಸ್ಟಾಂಪಿನ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವ ಹಾಗೆ ಮಾಡಿಸಬೇಕು. ಈ ಒಂದು ರೂಪಾಯಿಯನ್ನು ಹಗುರ ಮಾಡಬೇಡಿ. ನಿಮ್ಮ ಸೈಟಿನ ಕರಾರಿಗೆ ದಂಡ ಕಟ್ಟಿ ಸರಿಪಡಿಸುವ ದಾರಿಯಾದರೂ ಇದೆ, ಸ್ಟಾಂಪ್ ಇಲ್ಲದ ಪ್ರೋನೋಟಿಗೆ ಅದೂ ಇಲ್ಲ, ಆಮೇಲೆ ಅಂಟಿಸಿದರೂ ಪ್ರಯೋಜನವಿಲ್ಲ. ಗಟ್ಟಿಯಾಗಲಿ ಅಂತ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವ ರೂಢಿಯೂ ಇದೆ. ಅಲ್ಲೊಂದು ಅಪಾಯ ಇದೆ. 'ನಿಮಗೆ ಅಥವಾ ನೀವು ಆದೇಶಿಸಿದವರಿಗೆ ಕೊಡುತ್ತೇನೆ' ಅನ್ನುವ ಮಾತಿಲ್ಲದೆ ಸಾಕ್ಷಿ ಸಹಿ ಬಿದ್ದರೆ ಆ ಪತ್ರ ಬಾಂಡ್ ವರ್ಗಕ್ಕೆ ಹೋಗಿ ಶುಲ್ಕ ಜಾಸ್ತಿಯಾಗುತ್ತದೆ. ಆ ಮಾತು ಸೇರಿಸಿ ಬರೆಸಿ, ಹಣ ಬ್ಯಾಂಕ್ ಮೂಲಕ ಕೊಡಿ. ವಸೂಲಿ ದಾವೆಗೆ ಇದಕ್ಕೂ 3 ವರ್ಷವೇ ಗಡಿ.

ಮೂಲ ಕರಾರು ಕೈಗೆ ಬಂದ ಮೇಲೆ ಅದರ ಮೊದಲ ಹಾಳೆಯ ಡಿಸ್ಕ್ರಿಪ್ಷನ್ ಸಾಲು, ಸ್ವಾಧೀನದ ಸಾಲು, ನೋಟರಿ ರಿಜಿಸ್ಟರ್‌ನ ತಾರೀಖು ಈ ಮೂರನ್ನು ಬರೆದು ಕಳಿಸಿ. ನೋಟಿಸ್‌ನಲ್ಲಿ ಏನು ಬರಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.